ನೆನೆಸಿದಷ್ಟೇ ಎಲೆ, ಕಲಸಿದಷ್ಟೇ ಮಸಿ

ಹಿಂದಿನ ತಿಂಗಳು ಒಂದು ಸೋಮವಾರ ಸಂಜೆ ನಾನು ನನ್ನ ಮನೆಯ ಜಗಲಿಯಲ್ಲೇ ಚೌಕಾಬಾರದಲ್ಲಿ ಸೋತೆ. ಸೋತದ್ದು ದೊಡ್ಡ ವಿಷಯವಲ್ಲ. ನಾನು ಸೋಲುವುದು ಇಡೀ ಹುಣಸೂರಿಗೇ ಗೊತ್ತು. ವಿಷಯ ಏನೆಂದರೆ, ನಾನು ಆಟಕ್ಕೆ ಕೂತೇ ಇರಲಿಲ್ಲ.

ಒಳಗೆ ಡೆಸ್ಕಿನ ಮುಂದೆ ಕೂತು ಯಾರದೋ ಬೇಲಿ ತಕರಾರಿನ ಅರ್ಜಿ ಬರೆಯುತ್ತಿದ್ದೆ. ಹೊರಗೆ ಕವಡೆ ಉರುಳುವ ಸದ್ದು. ಯಾರು ಬಂದರಪ್ಪಾ ಎಂದು ಇಣುಕಿದರೆ ನನ್ನ ಹೆಂಡತಿ ನೀಲಮ್ಮ ಒಬ್ಬಳೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆಟದ ಮನೆಯ ಒಂದು ಕಡೆ ಅವಳ ಬಳೆಚೂರುಗಳು, ಎದುರು ಕಡೆ ನನ್ನ ಹುಣಸೆಬೀಜಗಳು. ತನ್ನ ಸರದಿಗೆ ಬಲಗೈಯಲ್ಲಿ ಕವಡೆ ಹಾಕುತ್ತಿದ್ದಳು, ನನ್ನ ಸರದಿಗೆ ಎಡಗೈಯಲ್ಲಿ.

"ಯಾರು ಗೆಲ್ತಿದಾರೆ?" ಎಂದೆ.

"ನೀವು ಸೋತ್ರಿ. ನಂದು ನಾಲ್ಕೂ ಹಣ್ಣಾಯ್ತು," ಎಂದಳು ತಲೆ ಎತ್ತದೆ. "ನೀವು ಬರ್ಕೊಳ್ಳಿ. ನಿಮ್ಮ ಪಾಲಿಂದೂ ನಾನೇ ಆಡ್ಕೋತೀನಿ. ಅಭ್ಯಾಸ ಆಗೋಗಿದೆ."

ಬೇಜಾರು ಎಂದಿದ್ದರೆ ಸಮಾಧಾನ ಹೇಳಬಹುದಿತ್ತು. ಅಭ್ಯಾಸ ಎಂದವಳಿಗೆ ಏನು ಹೇಳುವುದು?

ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ನಾನು ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತೆಯಾಗಿದ್ದವನು. ಐದಕ್ಕೆ ಜವಾನ ಗಂಟೆ ಹೊಡೆಯುತ್ತಿದ್ದ. ನೊಗ ಕಳಚಿದ ಎತ್ತಿನ ಹಾಗೆ ನಾನು ಮನೆಯ ದಾರಿ ಹಿಡಿಯುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಒಂದು ಆಟ. ಮದುವೆಯಾದ ಹೊಸತರಲ್ಲಿ ಶುರುವಾದದ್ದು. ಜಗಳವಾಡಿದ ದಿನವೂ ತಪ್ಪುತ್ತಿರಲಿಲ್ಲ. (ಮಾತಿಲ್ಲದೆ ಆಡುತ್ತಿದ್ದೆವು. ಅಂಥ ದಿನ ಅವಳು ನನ್ನ ಕಾಯಿ ಹೊಡೆಯುವ ರೀತಿಯೇ ಬೇರೆ.)

ಎರಡು ವರ್ಷದ ಕೆಳಗೆ ಆ ಕೆಲಸ ಬಿಟ್ಟು ಮನೆಯಲ್ಲೇ ಅರ್ಜಿ ಬರೆಯಲು ಕೂತೆ. ಏನೇನು ಕನಸು! ಬಿಸಿಬಿಸಿ ಊಟ, ಮಧ್ಯಾಹ್ನ ಒಂದು ಜೊಂಪು, ಸಂಜೆಗೆ ಒಂದಲ್ಲ, ಎರಡು ಆಟ. ನಾನೇ ಸಾಹೇಬ, ನಾನೇ ಗುಮಾಸ್ತೆ.

ಆದದ್ದೇನು? ಗಂಟೆ ಹೊಡೆಯುವ ಜವಾನನೊಬ್ಬ ಕಮ್ಮಿಯಾದ, ಅಷ್ಟೆ. ಸ್ನಾನಕ್ಕೆ ನೀರು ಹುಯ್ದುಕೊಳ್ಳುವಾಗ "ಸ್ವಾಮಿ ಒಳಗವ್ರಾ?" ಎಂಬ ದನಿ. ತುತ್ತು ಬಾಯಿಗಿಡುವಾಗ ಬಾಗಿಲಲ್ಲಿ ಇನ್ನೊಂದು ನೆರಳು. ನಾಳೆ ಬನ್ನಿ ಎನ್ನಲು ಭಯ. ಕಚೇರಿ ಎದುರಿನ ಅರಳಿಮರದ ಕೆಳಗೆ ಇನ್ನೊಬ್ಬ ಬರಹಗಾರ ಕೂತಿದ್ದಾನಲ್ಲ, ಅವನ ಹತ್ತಿರ ಹೋಗಿಬಿಟ್ಟರೆ? ಒಬ್ಬ ಹೋದರೆ ಅವನ ಊರೇ ಹೋದ ಹಾಗೆ. ನನ್ನ ತಲೆ ಕೆಲಸ ಮಾಡುವುದೇ ಹೀಗೆ. ಒಂದು ಅರ್ಜಿ ತಪ್ಪಿದರೆ ಸಾಕು, ನಾನೂ ನೀಲಮ್ಮನೂ ಬೀದಿಯಲ್ಲಿ ನಿಂತಿರುವ ಚಿತ್ರ ಕಣ್ಣ ಮುಂದೆ ಬಂದುಬಿಡುತ್ತದೆ. ಅದರ ಮೇಲೆ ಈ ಅಂಕಣ. ವಾರಕ್ಕೊಮ್ಮೆ ಮೈಸೂರಿನ ಬಸ್ಸಿಗೆ ಹಾಕಲೇಬೇಕು.

ಒಂದು ಸಲ ಟೈಂಟೇಬಲ್ ಕೂಡ ಬರೆದೆ. ಕೆಂಪು ಮಸಿಯಲ್ಲಿ ಗೆರೆ ಎಳೆದು, ಆರರಿಂದ ಏಳು ವಾಯುವಿಹಾರ, ಏಳರಿಂದ ಎಂಟು ಪತ್ರಿಕೆ ಓದುವುದು ಎಂದೆಲ್ಲ ದುಂಡಗೆ ಬರೆದು ಗೋಡೆಗೆ ಅಂಟಿಸಿದೆ. ನೀಲಮ್ಮ ಬಂದು ನೋಡಿದಳು.

"ಚೆನ್ನಾಗಿದೆ. ಇದನ್ನ ಬರೆಯೋಕೆ ಎಷ್ಟು ಹೊತ್ತು ಹಿಡೀತು?"

ಒಂದು ಮಧ್ಯಾಹ್ನ ಪೂರ್ತಿ ಹಿಡಿದಿತ್ತು.

ಸರಿ, ಆ ಸೋಮವಾರಕ್ಕೆ ಬರೋಣ. ಹೊರಗೆ ಕೂತು ಸೋಲುವುದು ಬೇರೆ, ಒಳಗಿದ್ದುಕೊಂಡು ಸೋಲುವುದು ಬೇರೆ. ಮಾರನೆಯ ದಿನ ಮಧ್ಯಾಹ್ನ ತಲೆ ಕೆಟ್ಟು ಎದುರು ಮನೆಯ ಜೈನಾಬಿಯ ಜಗಲಿಯಲ್ಲಿ ಹೋಗಿ ಕೂತೆ.

ಜೈನಾಬಿ ಬೀಡಿ ಕಟ್ಟುವಾಕೆ. ಆಕೆಯ ಕಾರ್ಖಾನೆಯೂ ಮನೆಯೇ. ತೊಡೆಯ ಮೇಲೆ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ. ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿ, ದಾರ ಬಿಗಿದು ಮುಗಿಸುವಷ್ಟರಲ್ಲಿ ನಾನಾದರೆ ಇನ್ನೂ ನಿಬ್ಬು ಕೂಡ ಒರೆಸಿರುವುದಿಲ್ಲ. ಬೆರಳು ನೋಡಿಕೊಂಡು ಕೆಲಸ ಮಾಡುವುದಿಲ್ಲ ಆಕೆ. ಬೀದಿ ನೋಡುತ್ತಿರುತ್ತಾಳೆ. ಬೀದಿಯಲ್ಲಿ ಹೋಗುವವರೆಲ್ಲರ ಹತ್ತಿರ ಎರಡೆರಡು ಮಾತು.

ನಾನು ನನ್ನ ಗೋಳು ತೆಗೆಯುವುದಕ್ಕೂ ಬೀಡಿ ಏಜೆಂಟ್ ಬರುವುದಕ್ಕೂ ಸರಿಹೋಯಿತು. ಕಂಕುಳಲ್ಲಿ ಎಲೆಯ ಕಟ್ಟು.

"ಅರ್ಜೆಂಟ್ ಬಂದೈತೆ ಜೈನಾಬಿ. ಇದೊಂದು ಕಟ್ಟು ಇವತ್ತೇ ಮುಗಿಸ್ಕೊಟ್ಬುಡು."

"ಇವತ್ತಿಂದು ನೆನ್ಸಾಗೈತೆ ಕಣಣ್ಣ."

"ಇದ್ನೂ ನೆನ್ಸು. ನೀರಿಗೇನು ಬರವಾ?"

"ನೀರಿಗೆ ಬರ ಇಲ್ಲ. ಈಗ ನೆನ್ಸಿದ್ರೆ ಮೆತ್ತಗಾಗೋದು ದೀಪ ಹಚ್ಚೋ ಹೊತ್ಗೆ. ಕಟ್ಟದೆ ಬುಟ್ರೆ ಬೂಷ್ಟು ಹಿಡೀತದೆ. ಕಟ್ಟಾಕೆ ಕೂತ್ರೆ ಒಲೆ ಹಚ್ಚೋರ್ಯಾರು? ನೀವು ಬತ್ತೀರಾ?"

"ಅಂಗಾದ್ರೆ ಆಚೆ ಬೀದಿಯೋರಿಗೆ ಕೊಡ್ತೀನಿ ನೋಡು."

"ಕೊಡಿ. ಅವ್ರ ಮನೇಲೂ ಒಲೆ ಐತೆ."

ಏಜೆಂಟ್ ಗೊಣಗಿದ. ಎರಡು ಹೆಜ್ಜೆ ಹೋದ. ತಿರುಗಿ ಬಂದು ಕಟ್ಟನ್ನು ಜಗಲಿಯ ಮೇಲೆ ಇಟ್ಟ. "ನಾಳೆಗಾದ್ರೂ ನೆನ್ಸು ತಾಯಿ," ಎಂದು ಹೋದ. ಇಷ್ಟು ಹೊತ್ತೂ ಆಕೆಯ ಬೆರಳು ನಿಂತಿರಲಿಲ್ಲ. ನನ್ನ ಎದೆ ಮಾತ್ರ ನಿಂತಿತ್ತು.

"ಅವನು ನಿಜವಾಗಿ ಬೇರೆಯವರಿಗೆ ಕೊಟ್ಟುಬಿಟ್ಟಿದ್ರೆ?" ಎಂದೆ.

"ಒಂದೆರಡು ಸಲ ಕೊಟ್ಟೂ ಅವ್ನೆ ರೈಟ್ರಣ್ಣ. ಮತ್ತೆ ಬತ್ತಾನೆ." (ಆಕೆ ನನ್ನನ್ನು ಕರೆಯುವುದೇ ಹಾಗೆ.) "ನಮ್ಮೆಜಮಾನ್ರು ಕಾಕನಕೋಟೆ ಕಾಡಿಂದ ಮರದ ಗಾಡಿ ಹೊಡ್ಕಂಡು ವಾರಕ್ಕೊಂದ್ಸಲ ಬತ್ತಾರೆ. ಅವತ್ತು ಅರ್ಧಾನೇ ನೆನ್ಸೋದು. ಅದು ಅವ್ನಿಗೂ ಗೊತ್ತು."

"ದಿನಾ ಎಷ್ಟು ನೆನೆಸಬೇಕು ಅಂತ ಹೇಗೆ ತಿಳಿಯುತ್ತೆ?"

"ಎದ್ದ ತಕ್ಸಣ ಮುಗಿಸ್ಬುಡ್ತೀನಿ ಆ ಯೋಚ್ನೆಯ. ಬೆಳಿಗ್ಗೆ ಆಸೆ ಇನ್ನೂ ಎದ್ದಿರಾಕಿಲ್ಲ ಕಣಣ್ಣ."

ನನಗೆ ಐದರ ಗಂಟೆ ಹೊಡೆಯಲು ಸರ್ಕಾರ ಜವಾನನನ್ನು ಇಡಬೇಕಾಗಿತ್ತು. ಈಕೆ ದಿನಾ ಬೆಳಿಗ್ಗೆ ನೀರಿನ ಪಾತ್ರೆಯಲ್ಲಿ ತನ್ನ ಗಂಟೆಯನ್ನು ತಾನೇ ನೆನೆಹಾಕುತ್ತಾಳೆ. ಗೋಣಿಯಲ್ಲಿ ಎಲೆ ಮುಗಿಯಿತೋ, ದಿನ ಮುಗಿಯಿತು. ಮೊರ ಕೊಡವಿ ಗೋಡೆಗೆ ಒರಗಿಸುತ್ತಾಳೆ. ಆಮೇಲೆ ಯಾರು ಬಂದರೂ ಅಲ್ಲಿರುವುದು ಮನೆ, ಕಾರ್ಖಾನೆಯಲ್ಲ. ಗೋಡೆಗೆ ಟೈಂಟೇಬಲ್ ಇಲ್ಲ. ಆಕೆಗೆ ಓದು ಬಾರದು. ಓದು ಬಂದ ನಾನು ಏನು ಕಡಿದು ಕಟ್ಟೆ ಹಾಕಿದ್ದೇನೆ?

ನನಗೆ ಎಲೆ ಇಲ್ಲ, ಮಸಿ ಇದೆ. ಮಾರನೆಯ ಬೆಳಿಗ್ಗೆಯೇ ಶುರು ಮಾಡಿದೆ. ಮಸಿಪುಡಿ ಇಷ್ಟು, ನೀರು ಇಷ್ಟು, ಕುಡಿಕೆಯ ಕತ್ತಿನವರೆಗೆ. ಅದು ತೀರಿತೋ, ನಾನು ಮನೆಯವನು. ಸಂಜೆ ಆಟಕ್ಕೆ ಬರುತ್ತೇನೆ ಎಂದು ನೀಲಮ್ಮನಿಗೆ ಮಾತೂ ಕೊಟ್ಟೆ. ಅವಳು "ಆಗ್ಲಿ," ಎಂದಳು. ಹುಣಸೆಬೀಜ ತೊಳೆದು ಒಣಗಿಸಿದ್ದು ಕಂಡೆ.

ಎರಡು ದಿನ ನಡೆಯಿತು. ಎರಡೂ ದಿನ ಸೋತೆ. ಎಂಥ ಸುಖ!

ಮೂರನೆಯ ದಿನ ಕುಡಿಕೆ ಬರಿದಾದ ಮೇಲೆ ಗಾವಡಗೆರೆಯ ಶಿವಣ್ಣ ಬಂದರು. ಕಾಲುದಾರಿಗೆ ಯಾರೋ ಮುಳ್ಳು ಹಾಕಿದ್ದಾರೆ, ಅರ್ಜಿ ಬೇಕು. ಹೊರಗೆ ನೀಲಮ್ಮ ಸೀಮೆಸುಣ್ಣದಲ್ಲಿ ಮನೆ ಬರೆಯುತ್ತಿದ್ದಳು. ನನ್ನ ಕಣ್ಣ ಮುಂದೆ ಅರಳಿಮರ ಬಂತು. ಮರದ ಕೆಳಗಿನವನು ಬಂದ. ಅವನ ಹಿಂದೆ ಇಡೀ ಗಾವಡಗೆರೆ ಸಾಲಾಗಿ ಬಂತು.

ನಾನೇನು ಮಾಡಿದೆ ಹೇಳಿ? ಕುಡಿಕೆಗೆ ಒಂದು ಲೋಟ ನೀರು ಹುಯ್ದು ಅಲ್ಲಾಡಿಸಿದೆ.

(ಪುಡಿಯನ್ನೇ ಕಲಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಪುಡಿ ಮುಟ್ಟಿದರೆ ಮಾತು ತಪ್ಪಿದ ಹಾಗೆ! ನೀರು ಹಾಕಿದರೆ ತಪ್ಪಿದ ಹಾಗಲ್ಲ. ಆಣೆ ಪ್ರಮಾಣದ ಕಾಗದಗಳನ್ನು ನಕಲು ಮಾಡಿ ಮಾಡಿ ಬಂದ ಬುದ್ಧಿ ಇದು.)

ಅರ್ಜಿ ಬರೆದೆ. ಹೊರಗೆ ಕವಡೆ ಉರುಳಿತು. ಒಬ್ಬಳೇ ಉರುಳಿಸಿದಳು.

ಮಾರನೆಯ ದಿನ ಮಧ್ಯಾಹ್ನ ಶಿವಣ್ಣ ಬೆವರು ಒರೆಸಿಕೊಳ್ಳುತ್ತ ವಾಪಸ್ ಬಂದರು. ಕೈಯಲ್ಲಿ ಅದೇ ಕಾಗದ.

"ಸ್ವಾಮಿ, ಆಫೀಸ್ನೋರು ಇದ್ನ ಕಿಟಕಿಗೆ ಹಿಡುದ್ರು, ದೀಪಕ್ಕೆ ಹಿಡುದ್ರು. ಆಮೇಲೆ, ಇದ್ರಲ್ಲಿ ಅಕ್ಸರ ಐತಾ ಅಂತ ನನ್ನೇ ಕೇಳುದ್ರು ಕಣ್ರೀ. ನಾನೇನೇಳ್ಲಿ, ಎಬ್ಬೆಟ್ಟಿನೋನು?"

ಕಾಗದದಲ್ಲಿ ಕಪ್ಪಗೆ ಕಾಣುತ್ತಿದ್ದದ್ದು ಪ್ಯಾಡಿಗೆ ಒತ್ತಿ ಹಾಕಿದ ಅವರ ಹೆಬ್ಬೆಟ್ಟಿನ ಗುರುತೊಂದೇ. ನನ್ನ ದುಂಡಕ್ಷರವೆಲ್ಲ ನೀರಾಗಿತ್ತು. ಮಸಿಗೆ ನೀರು ಬೆರೆಸಿದ್ದನ್ನು ನಾಚಿಕೆಯಿಂದ ಒಪ್ಪಿಕೊಂಡು ಅಲ್ಲೇ ಹೊಸದಾಗಿ ಬರೆದುಕೊಟ್ಟೆ. ಎದುರು ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಜೈನಾಬಿ, ಬೆರಳು ನಿಲ್ಲಿಸದೆ ಹೇಳಿದಳು: "ಒಂದೆಲೇಲಿ ಎರಡು ಬೀಡಿ ಕಟ್ಟಕ್ಕೋದ್ರೆ ಪುಡಿ ಸೋರೋಯ್ತದೆ ರೈಟ್ರಣ್ಣ. ನಾನೂ ಮೊದ್ಲು ಅಂಗೇ ಮಾಡಿದ್ದೆ."

ನಾನೂ ಮೊದಲು ಹಾಗೇ ಮಾಡಿದ್ದೆ! ಆಕೆ ಆ ಒಂದು ಮಾತು ಸೇರಿಸದಿದ್ದರೆ ನಾನು ಕುಡಿಕೆಯನ್ನು ಹಿತ್ತಲಿಗೆ ಎಸೆದಿರುತ್ತಿದ್ದೆ.

ಅದೇ ಸಂಜೆ, ಮಸಿ ತೀರಿದ ಮೇಲೆ, ಶಿವಣ್ಣನ ಭಾವಮೈದುನ ಬಂದ. ಅವನಿಗೂ ಒಂದು ಅರ್ಜಿ. ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ: "ಇವತ್ತಿಂದು ಮುಗೀತಪ್ಪ. ಬೆಳಿಗ್ಗೆ ಬಾ, ಮೊದಲು ನಿಂದೇ."

ಅವನು ಅರಳಿಮರದ ಕಡೆ ತಿರುಗುತ್ತಾನೆಂದು ಕಾದೆ.

"ಅಂಗೇ ಮಾಡಿ ಬುಡಿ. ನಂಗೂ ದನ ಕಟ್ಟಾಕೋ ಹೊತ್ತು. ನೀವು ಕುಂದ್ರುಸ್ಕಬುಡ್ತೀರೇನೋ ಅಂತ ಎದರ್ಕಂಡೇ ಬಂದೆ," ಎಂದು ಹೋದ. ಬೆಳಿಗ್ಗೆ ಬಂದ ಕೂಡ.

ಎರಡು ವರ್ಷ ನಾನು ಹೆದರಿದ್ದು ಯಾರಿಗೆ? ತಾನೂ ಮನೆಗೆ ಹೋಗಬೇಕೆಂದು ಚಡಪಡಿಸುವವನಿಗೆ!

ಆ ಸಂಜೆ ಜಗಲಿಯಲ್ಲಿ ಕೂತೆ. ಮೂರು ಕಾಯಿ ಹೊಡೆಸಿಕೊಂಡೆ. ನೀಲಮ್ಮ ಕವಡೆ ಕುಲುಕುತ್ತ ಅಂದಳು: "ನೀವಿಲ್ದಿದ್ದಾಗ್ಲೇ ನಿಮ್ಮ ಕಾಯಿ ಚೆನ್ನಾಗಿ ಆಡ್ತಿತ್ತು." ಆದರೆ ಕವಡೆಯನ್ನು ಬಲಗೈಯಲ್ಲಿ ನನ್ನ ಕೈಗೆ ಹಾಕಿದಳು. ಅವಳ ಎಡಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು.

ಈಗ ಇದನ್ನು ಬರೆಯುತ್ತಿರುವಾಗ ಎದುರು ಜಗಲಿಯಲ್ಲಿ ಮೊರ ಗೋಡೆಗೆ ಒರಗಿದೆ. ಅಂಕಣ ಸ್ವಲ್ಪ ಉದ್ದವಿರಲಿ ಎಂದು ಸಂಪಾದಕರು ಕಾಗದ ಬರೆದಿದ್ದಾರೆ. ಹೊರಗೆ ಸೀಮೆಸುಣ್ಣ ಗೀಚುವ ಸದ್ದು ನಿಂತಿತು, ಎಂದರೆ ಮನೆ ಬರೆದಾಯಿತು.

ಕುಡಿಕೆಯಲ್ಲಿ ಇನ್ನೂ ನಾಲ್ಕು ಸಾಲಿಗಾಗುವಷ್ಟು ಮಸಿ ಇದೆ, ಒಣಗಿಕೊಳ್ಳಲಿ.