ಖಲ್ಫಾನನ ಬಾಕಿ ಶುಕ್ರವಾರ

ಖಲ್ಫಾನ್ ಬಿನ್ ಮುಸಬ್ಬಹನ ಬಲಗಾಲಿನ ಪ್ರತಾಪ ಅರಿಯದವರು ಶಾರ್ಜಾದಲ್ಲಿ ಯಾರೂ ಇಲ್ಲ. ಮೂವತ್ತೊಂದು ವರ್ಷ ಅವನು ಡ್ರೈವಿಂಗ್ ಪರೀಕ್ಷಕನಾಗಿದ್ದ. ಕಲಿಯುವವರ ಪಕ್ಕದಲ್ಲಿ ಕೂತು, ಪರೀಕ್ಷಕರಿಗೆಂದೇ ಇಟ್ಟ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಆ ಕಾಲು ಒಡೆಯನ ಮಾತು ಕೇಳುವುದನ್ನೇ ಬಿಟ್ಟಿತ್ತು. ಟ್ಯಾಕ್ಸಿಯಲ್ಲಿ ಒತ್ತುತ್ತಿತ್ತು, ಬಸ್ಸಿನಲ್ಲಿ ಒತ್ತುತ್ತಿತ್ತು, ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಒತ್ತುತ್ತಿತ್ತು. ಒಮ್ಮೆ ಮಸ್ಕತ್ತಿಗೆ ಹೋಗುವಾಗ ಅದು ಒತ್ತಿದ ರಭಸಕ್ಕೆ ವಿಮಾನವೇ ಇಪ್ಪತ್ತು ನಿಮಿಷ ತಡವಾಗಿ ಇಳಿಯಿತೆಂದು ಮೀನು ಹರಾಜಿನ ಉಬೈದ್ ಆಣೆಯಿಟ್ಟು ಹೇಳುತ್ತಾನೆ. ಮದುವೆಯೊಂದರಲ್ಲಿ ತಮಾಷೆಗೆಂದು ಒಂಟೆಯ ಮೇಲೆ ಕೂರಿಸಿದರೆ ಒಂಟೆ ನಿಂತುಬಿಟ್ಟಿತಂತೆ. ನಿಂತದ್ದು ಹೌದು. ಅದು ಹಸಿದಿತ್ತು ಎನ್ನುವವರೂ ಇದ್ದಾರೆ. ಅಂಥವರಿಗೆ ಇತಿಹಾಸದಲ್ಲಿ ಶ್ರದ್ಧೆ ಇಲ್ಲ.

ಆ ಕಾಲಿಗೆ ಅಂಜದ ಒಬ್ಬನೇ ವೀರ ಥಾನಿ. ಖಲ್ಫಾನನ ಓರಗೆಯವನು, ಒಂದೇ ಗಲ್ಲಿಯಲ್ಲಿ ಬೆಳೆದವನು. ಅವನ ಬಳಿ ಇಟಲಿಯ ಹಳದಿ ಸ್ಪೋರ್ಟ್ಸ್ ಕಾರಿತ್ತು. ಪ್ರತಿ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ಅದು ಖಲ್ಫಾನನ ಗೇಟಿನ ಮುಂದೆ ಬಂದು ಎರಡು ಸಲ ಗುಡುಗುತ್ತಿತ್ತು. ಇಬ್ಬರೂ ಕಡಲ ದಾರಿಯಲ್ಲಿ ಹೋಗಿ ಬರುತ್ತಿದ್ದರು. ಥಾನಿ ಓಡಿಸುವವನು, ಖಲ್ಫಾನ್ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತುವವನು. ಹನ್ನೊಂದು ವರ್ಷ ಹೀಗೇ ನಡೆಯಿತು.

"ಇವತ್ತು ನಾನು ಓಡಿಸ್ಲೇನೋ?" ಎಂದು ಖಲ್ಫಾನ್ ಪ್ರತಿ ವಾರ ಕೇಳುವನು.

"ನೀನಾ? ನೀನು ಓಡಿಸಿದ್ರೆ ಇದು ಕಾರಲ್ಲ ಕಣೋ, ಪರೀಕ್ಷೆ. ಮುಂದಿನ ಶುಕ್ರವಾರ ನೋಡೋಣ."

ಒಂದು ಶುಕ್ರವಾರ ಮಾತ್ರ ಥಾನಿ ಗೇಟಿನ ಮುಂದೆ ಇಳಿದು, ಬೀಗದ ಕೈ ಚಾಚಿದ. "ತಗೋ. ಇವತ್ತು ನೀನು."

ಖಲ್ಫಾನ್ ಆಗಷ್ಟೇ ಮೀನಿನ ಅನ್ನ ಉಂಡು ಮಲಗಿ ಎದ್ದಿದ್ದ. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. "ಹೊಟ್ಟೆ ಭಾರ ಆಗಿದೆ ಮಾರಾಯ. ಮುಂದಿನ ಶುಕ್ರವಾರ" ಎಂದುಬಿಟ್ಟ.

ಮಂಗಳವಾರ ಥಾನಿ ಮಲಗಿದವನು ಏಳಲಿಲ್ಲ. ಹೃದಯ ನಿಂತಿತ್ತು. ಕಾರನ್ನು ಮನೆಯವರು ಮಾರಿದರು. ಅದು ಕೈಯಿಂದ ಕೈಗೆ ಹೋಗಿ ಎಲ್ಲೋ ಕಣ್ಮರೆಯಾಯಿತು.

ಕಾರು ಹೋಯಿತು, ಸದ್ದು ಹೋಗಲಿಲ್ಲ. ಮುಂದಿನ ಶುಕ್ರವಾರ ಅಸರ್ ಮುಗಿಸಿ ಬಂದ ಖಲ್ಫಾನನಿಗೆ ಗೇಟಿನ ಹೊರಗೆ ಎರಡು ಸಲ ಗುಡುಗಿದ್ದು ಕೇಳಿಸಿತು. ಹೊರಬಂದು ನೋಡಿದರೆ ಖಾಲಿ ಗಲ್ಲಿ, ಗೋಡೆಯ ಮೇಲೊಂದು ಬೆಕ್ಕು. ಅದರ ಮುಂದಿನ ಶುಕ್ರವಾರವೂ ಅಷ್ಟೇ. ಒಂಬತ್ತು ವರ್ಷ ಒಂದು ಶುಕ್ರವಾರವೂ ತಪ್ಪಲಿಲ್ಲ. ಆ ಹೊತ್ತಿಗೆ ಅವನು ನಾವು ಗಂಡಸರು ಸೇರಿ ಹರಟುವ ಮಜ್ಲಿಸಿನ ಚಹಾಕ್ಕೂ ಬರುತ್ತಿರಲಿಲ್ಲ, ಮನೆಯಲ್ಲಿದ್ದು ಗೇಟು ಕಾಯುತ್ತಿದ್ದ. ಹೆಂಡತಿ ಮೌಜಾ ಏನೂ ಕೇಳುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದಳು. ತನಗೂ ಆ ಸದ್ದು ಕೇಳಿಸಿಬಿಟ್ಟರೆ ಎಂಬ ಭಯ ಇತ್ತೇನೋ.

ನಿವೃತ್ತನಾದ ತಿಂಗಳು ಖಲ್ಫಾನ್ ತನಗೊಂದು ಸ್ಪೋರ್ಟ್ಸ್ ಕಾರು ಬೇಕೆಂದ. ಮೌಜಾ ಒಪ್ಪಿದಳು. ಒಂದೇ ಷರತ್ತು ಹಾಕಿದಳು.

"ಒಂದೇ ಕಾರು, ಮತರನ ಅಪ್ಪ. ಅದರಲ್ಲೇ ಅಷ್ಟು ದೂರದ ಸಲಾಲಾದ ಮಗಳ ಮನೆಗೂ ಹೋಗ್ಬೇಕು. ನಡು ಮರಳಲ್ಲಿ ಅದು ನಿಂತ್ರೆ ನಾನು ಇಳಿದು ತಳ್ಳೋಳಲ್ಲ, ಈಗಲೇ ಹೇಳಿರ್ತೀನಿ."

ಹಳೆ ಕಾರುಗಳ ಪೇಟೆಯಲ್ಲಿ ಸಿರಿಯಾದ ಹೋಮ್ಸ್ ಊರಿನ ಅಬೂ ನಿಜಾರನ ಮಳಿಗೆ ಇದೆ. ಅಲ್ಲಿ ಎರಡು ಕಾರುಗಳು ಒಂದರ ಪಕ್ಕ ಒಂದು ನಿಂತಿದ್ದವು. ಒಂದು ಜರ್ಮನಿಯ ಬೆಳ್ಳಿ ಬಣ್ಣದ್ದು, ಗಟ್ಟಿಮುಟ್ಟು, ಸಂಬಳದ ಗುಮಾಸ್ತನಂತೆ ಕೈಕಟ್ಟಿ ನಿಂತಿತ್ತು. ಇನ್ನೊಂದು ಇಟಲಿಯ ಹಳದಿ. ಅದನ್ನು ಕಂಡ ಖಲ್ಫಾನ್ ಐದು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ.

"ಬನ್ನಿ ಬನ್ನಿ, ಹಾಜಿ! ಬೆಳ್ಳಿದು ನಿಮ್ಮ ಮೊಮ್ಮಕ್ಕಳವರೆಗೂ ಓಡುತ್ತೆ, ಕೆಡೋದು ಗೊತ್ತೇ ಇಲ್ಲ ಅದಕ್ಕೆ. ಹಳದಿದು ರಾಣಿ. ರಾಣಿಗೆ ಒಮ್ಮೊಮ್ಮೆ ತಲೆನೋವು ಬರುತ್ತೆ, ಅದು ದೊಡ್ಡಮನೆತನದ ಲಕ್ಷಣ."

"ಎಷ್ಟು ಸಲ ಬರುತ್ತೆ?"

"ಬೇಸಿಗೆಯಲ್ಲಿ ಜಾಸ್ತಿ" ಎಂದ ಅಬೂ ನಿಜಾರ್, ಶಾರ್ಜಾದಲ್ಲಿ ಬೇಸಿಗೆ ಎಂಟು ತಿಂಗಳೆಂಬುದು ಖಲ್ಫಾನನಿಗೆ ಗೊತ್ತಿಲ್ಲವೇನೋ ಎಂಬಂತೆ.

ಖಲ್ಫಾನ್ ಹಳದಿ ಕಾರಿನ ಬಲಬಾಗಿಲು ತೆರೆದು ಬಗ್ಗಿ ನೋಡಿದ; ನಮ್ಮಲ್ಲಿ ಓಡಿಸುವವನು ಎಡಕ್ಕೆ, ಪಕ್ಕದವನು ಬಲಕ್ಕೆ. ನೆಲದ ಜಮಖಾನೆಯಲ್ಲಿ ಒಂದು ಹಿಮ್ಮಡಿಯಷ್ಟು ಅಗಲಕ್ಕೆ ನೂಲು ಸವೆದು ಹೋಗಿತ್ತು. ಜಗತ್ತಿನಲ್ಲಿ ಆ ಜಾಗದಲ್ಲಿ ಜಮಖಾನೆ ಸವೆಸಬಲ್ಲ ಕಾಲು ಒಂದೇ ಒಂದು. ಅದು ಆಗಲೇ ಮೇಲೆದ್ದಿತ್ತು. ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ಆಗ ಬಂತು ಆ ವಾಸನೆ.

ನಮ್ಮಲ್ಲಿ ಮನೆಗೊಂದು ದುಖೂನ್ ಇರುತ್ತದೆ. ಊದು, ಕಸ್ತೂರಿ, ಸಕ್ಕರೆ ಸೇರಿಸಿ ಹೆಂಗಸರು ಕಲಸಿ ತಟ್ಟಿದ ಧೂಪದ ಬಿಲ್ಲೆ. ಬಟ್ಟೆಗೆ, ಕೂದಲಿಗೆ, ಕಾರಿಗೆ ಅದರ ಹೊಗೆ ಹಿಡಿಯುತ್ತೇವೆ. ಒಂದು ಮನೆಯ ಹದ ಇನ್ನೊಂದು ಮನೆಗಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಯಾರ ಮನೆಗೆ ಬಂದೆವೆಂದು ಮೂಗು ಹೇಳುತ್ತದೆ. ಕಾರಿನೊಳಗೆ ಇದ್ದದ್ದು ಥಾನಿಯ ತಾಯಿಯ ದುಖೂನ್. ಹಳೆಯದಲ್ಲ, ಈಗ ತಾನೇ ಹಿಡಿದ ಹಾಗೆ ಬೆಚ್ಚಗಿತ್ತು. ಎಡಗಡೆ, ಓಡಿಸುವ ಸೀಟಿನಿಂದ ಯಾರೋ ಇದೀಗ ಇಳಿದು ಹೋದಂತೆ.

ಖಲ್ಫಾನ್ ಬಾಗಿಲು ತಳ್ಳಿ ಇಳಿದ. ಬುದ್ಧಿ ನೆಟ್ಟಗಾಗಲೆಂದು ಬೆಳ್ಳಿ ಕಾರಿನಲ್ಲಿ ಹೋಗಿ ಕೂತ. ಅಲ್ಲಿಯೂ ಥಾನಿ ಇದ್ದ. ಅದೇ ಹೊಗೆ, ಅದೇ ಹದ. ಹಳದಿಯಿಂದ ಇಳಿದು, ಸುತ್ತು ಹಾಕಿ, ಇವನಿಗಿಂತ ಮುಂಚೆ ಒಳಗೆ ಬಂದು ಕೂತಿದ್ದ.

ಮೂವತ್ತೊಂದು ವರ್ಷ ಯಾರಿಗೂ ಹೆದರದ ಮಹಾಶೂರ ಒಂದು ಚಪ್ಪಲಿಯನ್ನು ಮಳಿಗೆಯಲ್ಲೇ ಬಿಟ್ಟು ಮನೆಗೆ ಬಂದ.

ಮೌಜಾ ಬಾಗಿಲಲ್ಲೇ ಅವನ ನಿಲುವಂಗಿಯ ತೋಳನ್ನು ಮೂಗಿಗೆ ಹಿಡಿದಳು. "ಸಲಾಮಾ ಮನೆಗೆ ಹೋಗಿದ್ರಾ?"

ಸಲಾಮಾ ಎಂದರೆ ಥಾನಿಯ ಅಕ್ಕ. "ಇಲ್ವಲ್ಲ. ಕಾರಿನ ಮಳಿಗೆಗೆ" ಎಂದ ಖಲ್ಫಾನ್.

"ಕಾರಿನ ಮಳಿಗೆಯಲ್ಲಿ ಥಾನಿ ಅಮ್ಮನ ದುಖೂನ್ ಹೇಗೆ ಬರುತ್ತೆ?"

"ಅದನ್ನೇ ನಾನೂ ಕೇಳ್ತಿರೋದು!" ಎಂದು ಅವನು ಕೂಗಿದ.

ಮೌಜಾ ಫೋನು ಮಾಡಿದಳು. ಆ ಕಡೆಯಿಂದ ಸಲಾಮಾಳ ದನಿ ಕೋಣೆಗೆಲ್ಲ ಕೇಳಿಸಿತು. "ಹೂಂ ಕಣೇ, ಅಮ್ಮನ ಹದದ್ದೇ ಮಾಡಿ ಮಾರ್ತಿದೀನಿ. ಆ ಸಿರಿಯಾದವನಿದಾನಲ್ಲ, ಅಬೂ ನಿಜಾರ್, ತಿಂಗಳಿಗೆ ಎರಡು ಡಬ್ಬ ಒಯ್ತಾನೆ. ಎಲ್ಲ ಕಾರಿಗೂ ಹೊಗೆ ಹಾಕ್ತಾನಂತೆ. ಊರಿನವರು ಕೂತ ಕೂಡಲೇ ಮೆತ್ತಗಾಗ್ತಾರೆ ಅಂತಾನೆ, ಕಳ್ಳ!"

ಸುದ್ದಿ ಮಜ್ಲಿಸಿಗೆ ಬಂದಾಗ ನಾವು ನೆಲಕ್ಕೆ ಬಿದ್ದು ನಕ್ಕೆವು. "ನೋಡಿದ್ರಾ? ಬದುಕಿದ್ದಾಗ ಥಾನಿಗೆ ಒಂದು ಕಾರು. ಈಗ ನಲವತ್ತು!" ಎಂದ ಉಬೈದ್. ಖಲ್ಫಾನನೂ ನಕ್ಕ, ಗಹ್ವಾ ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು. ವಾಸನೆಗೆ ಕಾರಣ ಸಿಕ್ಕಿತ್ತು. ಸವೆದ ಜಮಖಾನೆಗೆ ಬೇರೆ ಕಾರಣ ಸಿಗಲಿಲ್ಲ. ಶುಕ್ರವಾರದ ಸದ್ದಿಗೂ.

ಆಮೇಲೆ ವಾದ ಹತ್ತಿತು.

"ಹಳದಿದೇ ತಗೋ. ಗಲ್ಲಿಗೊಂದು ಮರ್ಯಾದೆ. ಬೆಳ್ಳಿದರಲ್ಲಿ ಹೋದ್ರೆ ಬ್ಯಾಂಕಿನವನು ಬಂದ ಅಂತ ಜನ ಬಾಗಿಲು ಹಾಕ್ಕೋತಾರೆ" ಎಂದ ಉಬೈದ್.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಜರ್ವಲಿ ತಲೆಯೆತ್ತಿದ. ಅವನು ಪೇಶಾವರದ ಕಡೆಯವನು, ಕೆಟ್ಟ ಕಾರುಗಳನ್ನು ಹೊತ್ತೊಯ್ಯುವ ಲಾರಿ ಓಡಿಸುತ್ತಾನೆ. "ಪೇಟೆಯ ಆ ಹಳದಿದಾ ಅಣ್ಣಾ? ಅದು ರಸ್ತೆ ಮೇಲೆ ಓಡಿದ್ದಕ್ಕಿಂತ ನನ್ನ ಲಾರಿ ಮೇಲೆ ಜಾಸ್ತಿ ಓಡಿದೆ. ನನ್ನ ಮಕ್ಕಳ ಸ್ಕೂಲು ಅದೇ ನಡೆಸ್ತಿದೆ. ದಯವಿಟ್ಟು ತಗೊಳ್ಳಿ."

ಎಲ್ಲರೂ ಮತ್ತೆ ನಕ್ಕರು. ಖಲ್ಫಾನ್ ಮಾತ್ರ ಈ ಸಲ ನಗಲಿಲ್ಲ. "ಬೆಳ್ಳಿದು ತಗೊಂಡ್ರೆ ಮೌಜಾ ಸಲಾಲಾ ಮುಟ್ತಾಳೆ. ಆದ್ರೆ ಥಾನಿ ಕೈಯಲ್ಲಿ ಕೀ ಹಿಡ್ಕೊಂಡು ಇನ್ನೂ ಅಲ್ಲೇ ನಿಂತಿದಾನೆ" ಎಂದ.

ಶುಕ್ರವಾರ ಬಂತು. ಖಲ್ಫಾನ್ ಅಸರ್ ಮುಗಿಸಿ ಮನೆಗೆ ಹೋಗದೆ ನೇರ ಅಬೂ ನಿಜಾರನ ಮಳಿಗೆಗೆ ಹೋದ. ಹಳದಿ ಕಾರನ್ನು ಓಡಿಸಿ ನೋಡಬೇಕೆಂದ.

"ಈ ಬಿಸಿಲಲ್ಲಿ ಬೇಡ ಹಾಜಿ, ರಾಣಿಗೆ..."

"ತಲೆನೋವು ಬಂದ್ರೆ ನಾನೇ ಒತ್ತಿಕೊಡ್ತೀನಿ. ಕೀ ಕೊಡು."

ಮುಂದಿನದನ್ನು ಹೇಳಿದವರು ಹಲವರು. ಕಾರು ಮಳಿಗೆಯ ಮುಂದೆ ಎರಡು ಸಲ ಗುಡುಗಿತಂತೆ. ಅದೇ ಗಳಿಗೆಯಲ್ಲಿ, ಊರಿನ ಆ ತುದಿಯಲ್ಲಿ, ಮೌಜಾಳ ಕೈಯಿಂದ ಪಾತ್ರೆ ಜಾರಿತು. ಇದನ್ನು ಅವಳೇ ಹೇಳಿದ್ದು, ಅವಳು ಕತೆ ಕಟ್ಟುವವಳಲ್ಲ. ಕಡಲ ದಾರಿಯಲ್ಲಿ ಖಲ್ಫಾನ್ ನಲವತ್ತರ ವೇಗದಲ್ಲಿ, ಪ್ರತಿ ತಿರುವಿನಲ್ಲೂ ದೀಪ ತೋರಿಸಿ, ಪರೀಕ್ಷೆಗೆ ಕೂತವನ ಹಾಗೆ ಓಡಿಸಿದ. ಹಿಂದಿದ್ದವರೆಲ್ಲ ಹಾರ್ನ್ ಹೊಡೆದರು. ಬಲಗಡೆಯ ಸೀಟು ಖಾಲಿಯಿತ್ತು. ಅವನು ಆ ಕಡೆಗೆ ತಿರುಗಲಿಲ್ಲವಂತೆ.

ಮೀನು ಪೇಟೆ ದಾಟಿ, ಇಬ್ಬರೂ ಯಾವಾಗಲೂ ತಿರುಗಿ ಬರುತ್ತಿದ್ದ ಜಾಗದಲ್ಲಿ ರಾಣಿಗೆ ತಲೆನೋವು ಬಂತು. ಎಂಜಿನ್ ಸತ್ತಿತು. ಕಾರು ತಾನಾಗಿ ಉರುಳಿ, ದಂಡೆಯ ಕಡೆ ಮೂಗು ಮಾಡಿ ನಿಂತಿತು.

ಲಾರಿ ತಂದ ಜರ್ವಲಿ ಅಲ್ಲಿ ಕಂಡದ್ದನ್ನು ಇಂದಿಗೂ ತಗ್ಗಿದ ದನಿಯಲ್ಲೇ ಹೇಳುತ್ತಾನೆ. "ಗಾಜು ಮುಚ್ಚಿತ್ತು. ಒಳಗೆ ಕುದಿಯೋ ಬಿಸಿ. ಹಾಜಿ ಖಾಲಿ ಸೀಟಿನ ಕಡೆ ತಿರುಗಿ ಮಾತಾಡ್ತಿದ್ರು. ಆಮೇಲೆ ನಿಲ್ಲಿಸಿ ಕೇಳಿಸ್ಕೊಂಡ್ರು. ಆಮೇಲೆ ನಕ್ಕರು. ನಾನು ಗಾಜು ತಟ್ಟಲಿಲ್ಲ ಅಣ್ಣಾ. ನನ್ನ ಕೈ ಮುಂದೆ ಹೋಗಲೇ ಇಲ್ಲ. ಅರ್ಧ ಗಂಟೆ ಲಾರಿಯಲ್ಲೇ ಕೂತೆ."

ಮರುದಿನ ಖಲ್ಫಾನ್ ಬೆಳ್ಳಿ ಕಾರು ಕೊಂಡ. ಹಳದಿ ಮಳಿಗೆಯಲ್ಲೇ ಉಳಿಯಿತು.

ಮುಂದಿನ ಶುಕ್ರವಾರ ಅಸರ್ ಆದ ಮೇಲೆ ಮಜ್ಲಿಸಿನ ಬಾಗಿಲಲ್ಲಿ ನೆರಳು ಬಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಹೊತ್ತಿಗೆ ಖಲ್ಫಾನ್ ಬಂದಿದ್ದ. ಗೋಡೆಗೆ ಒರಗಿ ಕೂತ, ಖರ್ಜೂರ ತಿಂದ, ಬೀಜ ಉಗುಳಿದ. ಹೊರಗೆ ಯಾವುದೋ ಗಾಡಿ ಹಾದುಹೋಯಿತು; ನಾವೆಲ್ಲ ಅವನ ಮುಖ ನೋಡಿದೆವು. ಅವನು ಎರಡನೇ ಖರ್ಜೂರ ತೆಗೆದುಕೊಂಡ.

ಅಷ್ಟು ಹೊತ್ತಿಗೆ ಊರಿನಲ್ಲಿ ಆರು ಬಗೆಯ ಕತೆಗಳು ಓಡಾಡುತ್ತಿದ್ದವು. ಥಾನಿ ಕ್ಷಮಿಸಿದನೆಂದು ಒಂದು, ಶಪಿಸಿದನೆಂದು ಇನ್ನೊಂದು. ಕಾರು ನಿಂತದ್ದಲ್ಲ, ಥಾನಿ ನಿಲ್ಲಿಸಿದ್ದು ಎಂಬುದು ಎಲ್ಲಕ್ಕಿಂತ ಜನಪ್ರಿಯವಾದದ್ದು. ಕೊನೆಗೆ ಉಬೈದನೇ ಧೈರ್ಯ ಮಾಡಿ ಹತ್ತಿರ ಸರಿದ.

"ಖಲ್ಫಾನ್, ನಮ್ಮ ಹತ್ರ ಮುಚ್ಚಿಡಬೇಡ. ಅವನು ನಿಂಗೆ ಏನಂದ? ಆ ಕಾರನ್ನ ಬಿಟ್ಬಿಡು, ಅದು ನನ್ನದು ಅಂದ್ನಾ? ಅದೇ ಬೇಕು ಅಂತ ಒಂಬತ್ತು ವರ್ಷ ಕಾದವನು ಯಾಕಯ್ಯಾ ಬೆಳ್ಳಿದು ತಗೊಂಡೆ?"

ಖಲ್ಫಾನ್ ಕೈ ಒರೆಸಿಕೊಂಡ.

"ಆ ಹಳದಿದರ ಸೀಟು ತೀರಾ ಕೆಳಗಿದೆ ಮಾರಾಯ. ಇಳಿಯೋಕೆ ಯಾರಾದ್ರೂ ಕೈ ಕೊಡ್ಬೇಕು."