ಹಸನಬ್ಬ ಡಾಕ್ಟರ ಠರಾವು

ದುಬೈಯ ಅಲ್ ಕೂಜ್‌ನ ಕಾರ್ಮಿಕರಿಗೆ ಇಪ್ಪತ್ತೆರಡು ವರ್ಷ ಮದ್ದು ಕೊಟ್ಟ ಹಸನಬ್ಬ ಡಾಕ್ಟರು ಕ್ಲಿನಿಕ್ಕಿನಲ್ಲೇ ಸುಮ್ಮನೆ ಕೂತಿದ್ದರೆ ಚೆನ್ನಾಗಿತ್ತು. ಕೈಗುಣ ಒಳ್ಳೆಯದು, ಬಾಯಿ ಮಾತ್ರ ಸ್ವಲ್ಪ ಜೋರು. ಆ ಬಾಯಿಯೇ ಅವರನ್ನು ಅಲ್ಲಿನ ಬ್ಯಾರಿ ಸಂಘದ ಚುನಾವಣೆಗೆ ಎಳೆಯಿತು. ಹಿರಿಯರ ಪದ್ಧತಿ ಬಿಡಬಾರದು ಎನ್ನುವ ಗುಂಪು ಅವರನ್ನು ಮುಂದೆ ನಿಲ್ಲಿಸಿತು. ಅವರ ಕೈಯ ಮಾತ್ರೆ ನುಂಗಿದವರೆಲ್ಲ ಓಟು ಹಾಕಿದರು. ಮಗ ಪ್ರೆಸಿಡೆಂಟ್ ಆದ ಎಂದು ಉಳ್ಳಾಲದಲ್ಲಿ ಅವರ ಉಮ್ಮ ನೆರೆಕರೆಗೆಲ್ಲ ಹೇಳಿಕೊಂಡು ಬಂದರು.

ಗೆದ್ದ ವರ್ಷವೇ ಡಾಕ್ಟರು ಒಂದು ಠರಾವು ಮಾಡಿಸಿದರು. ಸತ್ತವರನ್ನು ತಡಮಾಡದೆ ಸತ್ತಲ್ಲೇ ದಫನ್ ಮಾಡಬೇಕು. ಮಯ್ಯತ್ತನ್ನು ಪೆಟ್ಟಿಗೆಯಲ್ಲಿಟ್ಟು ಊರಿಗೆ ಕಳಿಸುವ ಓಡಾಟಕ್ಕೆ ಸಂಘ ಕೈಹಾಕುವುದಿಲ್ಲ. ಮೊಯ್ದೀನ್ ಎಂಬ ಡ್ರೈವರ್ ತೀರಿಕೊಂಡಾಗ ಅವನ ಹೆಂಡತಿ ಖೈರುನ್ನಿಸ ಊರಿನಿಂದ ಮೂರು ಸಲ ಫೋನ್ ಮಾಡಿ, ಮಯ್ಯತ್ತು ಊರಿಗೆ ಕಳಿಸಿ ಎಂದು ಅತ್ತಳು. ಸಬರ್ ಮಾಡಬೇಕು, ತಾಳಿಕೊಳ್ಳಬೇಕು ಎಂದು ಡಾಕ್ಟರು ಬುದ್ಧಿ ಹೇಳಿದರು. ಬೇರೆಯವರ ಮನೆಯ ಸಾವಿಗೆ ಬುದ್ಧಿ ಹೇಳುವುದಕ್ಕೆ ಏನು ಖರ್ಚು?

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದ ಅವರ ತಮ್ಮ ಇಮ್ತಿಯಾಜ್ ಎದೆನೋವು ಎಂದವನು ಹೋಗಿಯೇಬಿಟ್ಟ. ನಲವತ್ತೊಂದು ವರ್ಷ. ಡಾಕ್ಟರು ಗಾಡಿ ಓಡಿಸಿಕೊಂಡು ಶವಾಗಾರ ಮುಟ್ಟುವಷ್ಟರಲ್ಲಿ, ಸಂಜೆಯ ಅಸರ್ ನಮಾಝಿನ ನಂತರ ದಫನ್ ಎಂದು ಸಂಘದವರು ಮೆಸೇಜ್ ಹಾಕಿಯಾಗಿತ್ತು.

ಉಮ್ಮನ ಫೋನ್ ಬಂತು. ಮಗನ ಮುಖ ಒಮ್ಮೆ ತೋರಿಸು, ಊರಿಗೆ ತಾ ಎಂದರು. ಫೋಟೋ ಕಳಿಸುತ್ತೇನೆ ಎಂದರು ಡಾಕ್ಟರು. ಫೋಟೋದ ಹಣೆ ಮುಟ್ಟಲಿಕ್ಕೆ ಆಗುತ್ತದಾ ಎಂದು ಉಮ್ಮ ಕೇಳಿದರು.

ಊರಿಗೆ ಕಳಿಸಲು ಯಾವ ಕಾಗದಕ್ಕೆ ಯಾವ ಕಚೇರಿ ಎಂಬುದು ಡಾಕ್ಟರಿಗೆ ಬಾಯಿಪಾಠ. ಎರಡು ದಿನದ ಕೆಲಸ. ಆದರೆ ಕಳಿಸಿದರೆ ಖೈರುನ್ನಿಸಳಿಗೆ ಏನು ಹೇಳುವುದು? ಕಳಿಸದಿದ್ದರೆ ಹೆತ್ತವಳಿಗೆ ಏನು ಹೇಳುವುದು? ಕೊನೆಗೆ ಹೇಡಿಯ ಹಾಗೆ, ಸಂಘದ ಠರಾವು ಉಂಟು, ತನ್ನ ಕೈಯಲ್ಲಿ ಏನೂ ಇಲ್ಲ ಎಂದುಬಿಟ್ಟರು.

"ಆ ಠರಾವು ಮಾಡಿದವನಿಗೆ ಉಮ್ಮ ಇಲ್ವಾ ಮೋನೇ? ಇದ್ರೆ ಅವರಿಗೆ ಫೋನ್ ಕೊಡು. ನಾನು ಅವರ ಹತ್ರ ಕೇಳ್ತೇನೆ."

ಡಾಕ್ಟರು ಗೋಡೆಗೆ ಒರಗಿದರು. ಇನ್ನೊಂದು ಸುಳ್ಳು ಹೇಳುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

"ಅದು ನಾನೇ ಉಮ್ಮ."



"ಹಾಗಾದ್ರೆ ಅಲ್ಲೇ ಮಣ್ಣು ಮಾಡು. ಉಳಿದ ಉಮ್ಮಂದಿರಿಗೆ ಸಿಗದ್ದು ನನಗೂ ಬೇಡ. ಆದ್ರೆ ನೀನು ಇನ್ನು ನನಗೆ ಫೋನ್ ಮಾಡ್ಬೇಡ."