ಅಣ್ಣನ ಕೈ ಹೇಳಿದ್ದು

ಅಣ್ಣನ ವರ್ಷದ ತಿಥಿಗೆ ಸಾಮಾನು ತರಲೆಂದು ಹೋದ ವಾರ ಚಾಮರಾಜಪೇಟೆಯ ಗ್ರಂದಿಗೆ ಅಂಗಡಿಗೆ ಹೋಗಿದ್ದೆ. ಎಳ್ಳು, ದರ್ಭೆ, ಕರ್ಪೂರ ಎಲ್ಲ ಹೇಳಿ ಆಗಿತ್ತು. ಅಂಗಡಿಯವನು ಪೊಟ್ಟಣ ಕಟ್ಟುತ್ತಿದ್ದಾಗ ಗಾಜಿನ ಕಪಾಟಿನ ಕಡೆ ಕಣ್ಣು ಹೋಯಿತು. ಕೆಂಪು ಬಟ್ಟೆಯ ಮೇಲೆ ಒಂದು ಬೆಳ್ಳಿಯ ಕರಡಿಗೆ ಇಟ್ಟಿದ್ದರು. ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದು. ಗುಂಡಗೆ, ಎರಡು ಪಕ್ಕ ಶಿವದಾರ ಪೋಣಿಸಲು ಸಣ್ಣ ಕಿವಿ.

"ಏನಮ್ಮಾ, ಕರಡಿಗೆ ತೋರಿಸ್ಲಾ?" ಎಂದ.

"ಬೇಡಪ್ಪ" ಎಂದವಳು ಸಾಮಾನನ್ನು ಅಲ್ಲೇ ಬಿಟ್ಟು ರಸ್ತೆಗೆ ಇಳಿದುಬಿಟ್ಟಿದ್ದೆ. ಅವನೇ ಕೂಗಿ ಕರೆದು ಚೀಲ ಕೊಟ್ಟ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬಾಯಲ್ಲಿ ಹೇಳಲು ಹೋದರೆ ಎಲ್ಲಿ ಮತ್ತೆ ಏನಾದರೂ ಸೇರಿಸಿಬಿಡುತ್ತೇನೋ ಎಂದು ಭಯ...

ನಾನು ಚಿಕ್ಕವಳಿದ್ದಾಗಲೂ ನಾವು ಚಾಮರಾಜಪೇಟೆಯಲ್ಲೇ ಇದ್ದೆವು, ಒಂದು ವಠಾರದಲ್ಲಿ. ಅಪ್ಪ ಇರಲಿಲ್ಲ. ಅಮ್ಮ ಬೇಳೆ ಹಸನು ಮಾಡಿಕೊಡುತ್ತಿದ್ದಳು. ವಠಾರದ ಯಜಮಾನರದು ತರಗುಪೇಟೆಯಲ್ಲಿ ಮಂಡಿ, ಬೇಳೆ ಅಲ್ಲಿಂದಲೇ ಬರುತ್ತಿತ್ತು. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಹುಟ್ಟಿದಾಗಿನಿಂದ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಬರಲಿಲ್ಲ. ಅವನ ಕೈಸನ್ನೆ ಅಮ್ಮನಿಗೆ ಅರ್ಧ ತಿಳಿಯುತ್ತಿತ್ತು, ನನಗೆ ಪೂರ್ತಿ.

ವಠಾರಕ್ಕೆಲ್ಲ ಒಂದೇ ಟೀವಿ, ಯಜಮಾನರ ಮನೆಯಲ್ಲಿ. ಭಾನುವಾರ ಬೆಳಗ್ಗೆ ಅದರಲ್ಲಿ ಜಪಾನಿನ ಒಂದು ಕಾರ್ಯಕ್ರಮ ಬರುತ್ತಿತ್ತು. ಮುಸುಕು ಹಾಕಿಕೊಂಡ ವೀರನೊಬ್ಬ, ಕೊರಳಲ್ಲಿ ನೇತಾಡುವ ಬೆಳ್ಳಿ ಡಬ್ಬಿಯನ್ನು ಒತ್ತಿದನೆಂದರೆ ಮಹಡಿ ಮನೆಯ ಎತ್ತರಕ್ಕೆ ಬೆಳೆದುಬಿಡುತ್ತಿದ್ದ. ರಬ್ಬರಿನ ರಾಕ್ಷಸರು, ಕಾಲಿಗೆ ಸಿಕ್ಕಿ ಉರುಳುವ ರಟ್ಟಿನ ಊರು. ಮಾತೆಲ್ಲ ಹಿಂದಿಯಲ್ಲಿ. ನಮ್ಮ ವಠಾರದ ಮಕ್ಕಳಿಗೆ ಹಿಂದಿ ಎಲ್ಲಿ ಬರಬೇಕು? ಹೊಡೆದಾಟ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ.

ಅಣ್ಣನಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಆ ವೀರನ ಮುಸುಕಿಗೆ ಬಾಯಿ ಇರಲಿಲ್ಲ. ಹಾಗಾಗಿ ಮಾತಾಡುವಾಗೆಲ್ಲ ಅವನು ಮೈಯೆಲ್ಲ ಆಡಿಸಬೇಕಿತ್ತು. ಬೆರಳು ತೋರಿಸುತ್ತಿದ್ದ, ತಲೆಯಾಡಿಸುತ್ತಿದ್ದ, ಎದೆ ತಟ್ಟಿಕೊಳ್ಳುತ್ತಿದ್ದ, ಮುಷ್ಟಿ ಬಿಗಿಯುತ್ತಿದ್ದ. ತನ್ನ ಹಾಗೆ ಮಾತಾಡುವ ಮನುಷ್ಯನನ್ನು ಅಣ್ಣ ಮೊದಲ ಸಲ ನೋಡಿದ್ದು ಅಲ್ಲೇ ಇರಬೇಕು... ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಮುಗಿದ ಮೇಲೆ ಮಕ್ಕಳೆಲ್ಲ ನಲ್ಲಿಕಟ್ಟೆಯ ಸುತ್ತ ಕೂರುತ್ತಿದ್ದರು. ಅಣ್ಣ ಕೈಯಲ್ಲಿ ಕಥೆ ಹೇಳುತ್ತಿದ್ದ, ನಾನು ಬಾಯಲ್ಲಿ.

"ಏಯ್, ಆ ಕೊಂಬಿನ ರಾಕ್ಷಸ ಯಾಕೆ ಅತ್ತಿದ್ದು? ಕೇಳೇ ನಿಮ್ಮಣ್ಣನ್ನ."

"ಅವನ ತಮ್ಮನ್ನ ಇವನೇ ಸಾಯ್ಸಿದ್ದಂತೆ ಕಣ್ರೋ."

ಯಜಮಾನರ ಹೆಂಡತಿಯೂ ಬಾಗಿಲಿಗೆ ಬಂದು ಕೇಳುತ್ತಿದ್ದರು. ಒಮ್ಮೊಮ್ಮೆ ನಾನು ನನ್ನದೂ ಒಂದಿಷ್ಟು ಸೇರಿಸುತ್ತಿದ್ದೆ. ಮಕ್ಕಳ ಮುಖ ನೋಡಿಯೇ ಅಣ್ಣನಿಗೆ ಅದು ಗೊತ್ತಾಗುತ್ತಿತ್ತು. ನಗುತ್ತಿದ್ದ.

ಆ ವರ್ಷ ಯಜಮಾನರು ಅಮ್ಮನಿಗೆ ಮಾತು ಕೊಟ್ಟಿದ್ದರು. "ಶಿವರಾತ್ರಿ ಕಳೀಲಿ, ಹುಡುಗನ್ನ ಮಂಡೀಗೆ ಕಳ್ಸಿ. ಚೀಲ ಹೊಲಿಯೋಕೆ ಕಿವಿ ಯಾಕಮ್ಮಾ ಬೇಕು?" ಅಮ್ಮ ಅವತ್ತೇ ಅವನಿಗೊಂದು ಅಂಗಿ ಹೊಲಿಯಲು ಹಾಕಿ ಬಂದಳು.

ಶಿವರಾತ್ರಿಗೆ ಎರಡು ದಿನ ಇತ್ತು. ಯಜಮಾನರ ಹೆಂಡತಿ ದೇವರ ಬೆಳ್ಳಿ ಸಾಮಾನನ್ನೆಲ್ಲ ವಿಭೂತಿಯಲ್ಲಿ ಉಜ್ಜಿ ತೊಳೆದು ಜಗುಲಿಯ ಮೇಲೆ ಒಣಗಲು ಹರಡಿದ್ದರು. ಅದರಲ್ಲಿ ತೀರಿಕೊಂಡ ಅವರ ಅತ್ತೆಯ ಹಳೆಯ ಕರಡಿಗೆಯೂ ಇತ್ತು, ಖಾಲಿಯದು. ನನ್ನ ಕಣ್ಣಿಗೆ ಅದು ದೇವರ ಸಾಮಾನಾಗಿ ಕಾಣಲೇ ಇಲ್ಲ. ಅವರು ಒಳಗೆ ಹೋದದ್ದೇ ತಡ, ಎತ್ತಿಕೊಂಡು ನಲ್ಲಿಯ ಹಿಂದಕ್ಕೆ ಓಡಿದೆ. ಕೊರಳ ಹತ್ತಿರ ಹಿಡಿದು ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಮುಚ್ಚಳದ ಕೀಲು ಮುರಿದು ಕೈಗೆ ಬಂತು.

ಅಣ್ಣ ನೋಡಿದ. ಏನೂ ಕೇಳದೆ ಕೈ ಚಾಚಿದ, ಕೊಟ್ಟೆ. ವಾಪಸು ಇಡಲೆಂದು ಅವನು ಜಗುಲಿ ಹತ್ತುವಾಗ ಅವರು ಹೊರಗೆ ಬಂದರು.

"ಅಯ್ಯೋ ಶಿವನೇ! ನಮ್ಮತ್ತೆ ಕರಡಿಗೆ! ಏನೋ ಮಾಡ್ದೆ ಮೂಗಾ?"

ವಠಾರವೆಲ್ಲ ಸೇರಿತು. ಅಮ್ಮ ಬೇಳೆಯ ಮೊರವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು. ಯಜಮಾನರು ನನ್ನನ್ನು ಕರೆದರು. "ಬಾ ಪುಟ್ಟಿ ಇಲ್ಲಿ. ಏನಂತಾನೆ ಇವ್ನು?"

ಅಣ್ಣ ನನ್ನ ಕಡೆ ತಿರುಗಿದ. ಮೂಗಿನ ಪಕ್ಕ ಬೆರಳು ಎಳೆದು ಮೀಸೆ ಮಾಡಿದ. ಬೆಕ್ಕು. ಬೆಕ್ಕು ಹಾರಿತು, ಬೀಳಿಸಿತು, ಎತ್ತಿಡಲು ಬಂದೆ. ನನ್ನ ಸುದ್ದಿ ಅವನ ಕೈಯಲ್ಲಿ ಬರಲೇ ಇಲ್ಲ. ಇಬ್ಬರನ್ನೂ ಉಳಿಸುವ ಒಂದು ಸುಳ್ಳು ಕಟ್ಟಿ ನನ್ನ ಕೈಗೆ ಕೊಟ್ಟಿದ್ದ. ನಾನು ಅದನ್ನು ಬಾಯಲ್ಲಿ ಹೇಳಿದ್ದರೆ ಸಾಕಿತ್ತು.

"ನಿಜ ಹೇಳ್ಬೇಕು," ಎಂದರು ಯಜಮಾನರ ಹೆಂಡತಿ. "ಸುಳ್ಳು ಗಿಳ್ಳು ಹೇಳಿದ್ಯೋ, ಇನ್ಮೇಲೆ ನೀನೂ ಟೀವಿ ನೋಡೋಕೆ ಒಳಗ್ ಬರ್ಬೇಡ."

"ಅವನೇ ತಗೊಂಡಿದ್ದಂತೆ," ಎಂದೆ. "ಬೇಕು ಅನ್ನಿಸ್ತಂತೆ."

ಎರಡನೆಯ ಮಾತನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ. ಅದು ನಾನಾಗಿ ಸೇರಿಸಿದ್ದು.

ಅಣ್ಣ ಎಲ್ಲರ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಬೆರಳು ಇನ್ನೂ ಮೂಗಿನ ಹತ್ತಿರವೇ ಇತ್ತು. ಅಮ್ಮ ಮೊರದಲ್ಲೇ ಹೊಡೆದಳು. ಬೇಳೆ ಜಗುಲಿಯ ತುಂಬ ಚೆಲ್ಲಿತು.

"ಕೈ ಶುದ್ಧ ಇಲ್ದೋನ್ನ ಮಂಡೀಲಿ ಇಟ್ಕೊಳ್ಳೋಕಾಗಲ್ಲಮ್ಮ," ಎಂದರು ಯಜಮಾನರು. "ತಪ್ಪು ತಿಳ್ಕೋಬೇಡಿ."

ಮುಂದಿನ ಭಾನುವಾರ ನಾನು ಟೀವಿ ನೋಡಿದೆ. ಇದನ್ನೂ ಹೇಳಬೇಕು. ಅಣ್ಣ ಕೂರುತ್ತಿದ್ದ ಜಾಗದಲ್ಲೇ ಕೂತು ನೋಡಿದೆ. ಮುಗಿದ ಮೇಲೆ ಮಕ್ಕಳು ಕಥೆ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ. "ಹೋಗೇ, ಕಳ್ಳನಾದ್ರೂ ನಿಮ್ಮಣ್ಣನೇ ವಾಸಿ," ಎಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಣ್ಣ ಆಮೇಲೆ ಕಾಟನ್‌ಪೇಟೆಯ ಒಂದು ಪ್ರೆಸ್ಸಿಗೆ ಸೇರಿದ. ಅಲ್ಲಿನ ಮೆಷಿನ್ನಿನ ಸದ್ದಿಗೆ ಕಿವಿ ಇದ್ದವರು ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಅವನಂಥವರೇ ನಾಲ್ಕೈದು ಜನ ಇದ್ದರು. ಅವರಿಂದ ಬೇರೆಯದೇ ಕೈಮಾತು ಕಲಿತ. ಅವರ ಜೊತೆ ಶ್ರೀರಾಂಪುರದಲ್ಲಿ ರೂಮು ಮಾಡಿದ, ಮದುವೆಯಾಗಲಿಲ್ಲ. ಹಬ್ಬಕ್ಕೆ ಬರುತ್ತಿದ್ದ, ನನ್ನ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ. ಒಂದು ದಿನವೂ ನನ್ನ ಮೇಲೆ ಕೋಪ ತೋರಿಸಲಿಲ್ಲ. ಆದರೆ ಅಂಗಡಿಯಲ್ಲೋ ಬಸ್ಸಿನಲ್ಲೋ ಅವನ ಪರವಾಗಿ ನಾನು ಬಾಯಿ ತೆರೆದರೆ, ನನ್ನ ತೋಳನ್ನು ಮೆಲ್ಲಗೆ ಸರಿಸಿ ಜೇಬಿನಿಂದ ಚೀಟಿ ತೆಗೆಯುತ್ತಿದ್ದ. ಪ್ರೆಸ್ಸಿನವರು ಬರೆದುಕೊಟ್ಟ ಚೀಟಿಗಳು ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದವು.

ಅಮ್ಮ ಹೋದ ಮೇಲೆ ಒಮ್ಮೆ ಅವನ ಎದುರು ಕೂತು ಹೇಳಲು ನೋಡಿದೆ. ನಮ್ಮ ಹಳೆಯ ಕೈಮಾತಿನಲ್ಲಿ ಹಸಿವು, ನೀರು, ಅಮ್ಮ, ಗೆದ್ದ, ಸತ್ತ, ಎಲ್ಲ ಇತ್ತು. ತಪ್ಪಾಯಿತು ಎನ್ನುವುದು ಮಾತ್ರ ಇರಲಿಲ್ಲ. ಮೂಗಿನ ಪಕ್ಕ ಬೆರಳು ಎಳೆದು ಬೆಕ್ಕಿನ ಮೀಸೆ ಮಾಡಿ ತೋರಿಸಿದೆ. ಅವನು ನೋಡಿದ. ಆಮೇಲೆ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿ ಬಂದ. ಬೆಕ್ಕು ನುಗ್ಗಿದೆ ಎಂದುಕೊಂಡನೋ, ಬೇಡ ಬಿಡು ಎಂದನೋ...

ಹೋದ ವರ್ಷ ಆಸ್ಪತ್ರೆಯಲ್ಲಿ, ಕೊನೆಯ ದಿನ, ಅವನು ಬಹಳ ಹೊತ್ತು ಕೈ ಆಡಿಸಿದ. "ಏನ್ ಕೇಳ್ತಿದಾರಮ್ಮಾ?" ಎಂದಳು ನರ್ಸು. ಅದು ಅವನ ಗೆಳೆಯರ ಕೈಮಾತು. ನನಗೆ ಏನೂ ತಿಳಿಯಲಿಲ್ಲ. "ಗೊತ್ತಾಗ್ತಿಲ್ಲ ಸಿಸ್ಟರ್," ಎಂದೆ. ಗೆಳೆಯರನ್ನು ಕರೆಸುವಷ್ಟರಲ್ಲಿ ಕೈ ನಿಂತುಹೋಗಿತ್ತು.

ಮೊನ್ನೆ ತಿಥಿಗೆ ಆ ಗೆಳೆಯರು ಬಂದಿದ್ದರು, ಆರು ಜನ. ಊಟವಾದ ಮೇಲೆ ಅವನ ಫೋಟೊದ ಎದುರು ಕೂತು ಏನೇನೋ ಹೇಳಿಕೊಂಡರು. ಒಬ್ಬರ ಕೈ ನಿಲ್ಲುವ ಮೊದಲೇ ಇನ್ನೊಬ್ಬರ ಕೈ ಓಡುತ್ತಿತ್ತು. ನಕ್ಕರು. ಒಬ್ಬರು ಕಣ್ಣೊರೆಸಿಕೊಂಡರು. ನಾನು ಕಾಫಿ ಹಿಡಿದು ಹೋದೆ. ಅವರಲ್ಲಿ ಹಿರಿಯರೊಬ್ಬರು ನನ್ನನ್ನು ನೋಡಿ ಪಕ್ಕದವರಿಗೆ ಏನೋ ಹೇಳಿದರು, ಚಿಕ್ಕದಾಗಿ, ಎರಡೇ ಬೆರಳಿನಲ್ಲಿ. ಆರು ಜನರೂ ನನ್ನ ಕಡೆ ತಿರುಗಿದರು.

ಅಣ್ಣ ಅವರಿಗೆ ಹೇಳಿದ್ದನೋ ಇಲ್ಲವೋ, ಕೇಳಲು ನನಗೆ ಆ ಮಾತು ಬಾರದು. ಒಬ್ಬೊಬ್ಬರ ಮುಂದೆ ಲೋಟ ಇಟ್ಟೆ. ನಾನು ಒಳಗೆ ಹೋಗುವ ತನಕ ಯಾರೂ ಕೈ ಎತ್ತಲಿಲ್ಲ.